ಅಡಕಲು ಬಂಡೆಗಳ ಚಿತ್ರ ತೆಗೆಯುವ ಬಗೆ: ಹಂಪಿ–ಆನೆಗೊಂದಿ ಸೀಮೆಗೆ ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಕಾಲದ ಅಡುಗೆಮನೆಯ ಮೂಲೆಯಲ್ಲಿ ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು ಎಂಬಂತೆ ಪೇರಿಸಿಡುತ್ತಿದ್ದ ಮಡಕೆಗಳ ಸಾಲಿಗೆ ಅಡಕಲು ಎಂದು ಹೆಸರು. ತುಂಗಭದ್ರೆಯ ಎರಡೂ ದಂಡೆಗಳಲ್ಲಿ, ಹಂಪಿಯಿಂದ ಆನೆಗೊಂದಿ ದಾಟಿ ಗಂಗಾವತಿಯ ಆಚೆಯ ಹಿರೇಬೆಣಕಲ್ಲಿನವರೆಗೆ, ಇಂಥ ಅಡಕಲುಗಳು ಕಲ್ಲಿನಲ್ಲಿಯೇ ನಿಂತಿವೆ. ಕೆಲವನ್ನು ನಿಸರ್ಗ ನಿಲ್ಲಿಸಿದೆ, ಕೆಲವನ್ನು ಮನುಷ್ಯ. ಕಣ್ಣೆದುರು ನಿಂತು ನೋಡುವಾಗ ಎದೆ ನಡುಗಿಸುವ ಈ ಕಲ್ಲುಗಳು ಚಿತ್ರದಲ್ಲಿ ಮಾತ್ರ ರಸ್ತೆಗೆ ಸುರಿದ ಜಲ್ಲಿಯ ರಾಶಿಯಂತೆ ಕಾಣುತ್ತವೆ ಎಂಬುದು ಅಲ್ಲಿಗೆ ಕ್ಯಾಮೆರಾ ಹಿಡಿದು ಹೋದ ಬಹುತೇಕರ ದೂರು.

ಕಾರಣ ಸರಳವಾಗಿದೆ. ಮೂರು ಮೀಟರ್ ಅಡ್ಡಳತೆಯ ಒಂದು ಕಣಶಿಲೆಯ (ಗ್ರಾನೈಟ್) ಗುಂಡು ಸುಮಾರು 37 ಟನ್ ತೂಗುತ್ತದೆ. ಆದರೆ ತೂಕವೆಂಬುದು ಕ್ಯಾಮೆರಾಕ್ಕೆ ಕಾಣುವ ವಸ್ತುವಲ್ಲ. ಅಡಕಲಿನ ಚಿತ್ರದಲ್ಲಿ ತೂಕ ಕಾಣಿಸಿಕೊಳ್ಳುವುದು ಒಂದೇ ಜಾಗದಲ್ಲಿ: ಮೇಲಿನ ಕಲ್ಲು ಕೆಳಗಿನ ಕಲ್ಲನ್ನು ಮುಟ್ಟುವ ಸಂದಿನಲ್ಲಿ. ಆ ಸಂದು ಎಷ್ಟು ಕಿರಿದು, ಅದರೊಳಗಿನ ನೆರಳು ಎಷ್ಟು ಕಪ್ಪು, ಮೇಲಿನ ಕಲ್ಲು ಅದರಿಂದ ಎಷ್ಟು ಹೊರಚಾಚಿದೆ ಎಂಬುದನ್ನು ನೋಡಿಯೇ ನಮ್ಮ ಕಣ್ಣು ಭಾರವನ್ನು ಅಂದಾಜು ಮಾಡುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ, ಅದು ಮಸೂರದ ಆಯ್ಕೆಯಾಗಲಿ, ಬಿಸಿಲಿನ ಕೋನವಾಗಲಿ, ಆ ಸಂದನ್ನು ನೋಡುಗನಿಗೆ ತೋರಿಸುವ ಉದ್ದೇಶಕ್ಕೇ ಬದ್ಧವಾಗಿದೆ.

ಮೊದಲ ಹೆಜ್ಜೆ: ಎದುರಿಗಿರುವುದು ಯಾವ ಬಗೆಯ ಅಡಕಲು ಎಂದು ತಿಳಿಯುವುದು

ಈ ಸೀಮೆಯಲ್ಲಿ ಮೂರು ಬಗೆಯ ಅಡಕಲುಗಳು ಸಿಗುತ್ತವೆ, ಮತ್ತು ಮೂರಕ್ಕೂ ಒಂದೇ ವಿಧಾನ ಸಲ್ಲುವುದಿಲ್ಲ.

ಮೊದಲನೆಯದು ನಿಸರ್ಗದ ಗುಂಡುಗಳು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಇಲ್ಲಿನ ಕಣಶಿಲೆ ನೆಲದೊಳಗಿದ್ದಾಗಲೇ ಉದ್ದಕ್ಕೂ ಅಡ್ಡಕ್ಕೂ ಬಿರುಕುಬಿಟ್ಟಿತು. ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ಕರಗಿಸಿ ಚೌಕಗಳನ್ನು ಗುಂಡಗೆ ಮಾಡಿತು. ಆಮೇಲೆ ಸುತ್ತಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋಗಿ, ಗುಂಡುಗಳು ತಾವಿದ್ದ ಜಾಗದಲ್ಲಿಯೇ ಒಂದರ ಮೇಲೊಂದು ಉಳಿದವು. ಅಂದರೆ ಹಂಪಿಯ ಮಾತಂಗ ಪರ್ವತದ ನೆತ್ತಿಯ ಬಂಡೆಗಳನ್ನು ಯಾರೂ ಎತ್ತಿಟ್ಟಿಲ್ಲ, ಅವು ಎಲ್ಲಿಂದಲೋ ಉರುಳಿಬಂದವೂ ಅಲ್ಲ. ಛಾಯಾಗ್ರಾಹಕನಿಗೆ ಈ ಭೂವಿಜ್ಞಾನ ಏಕೆ ಬೇಕೆಂದರೆ, ಮೇಲಿನ ಗುಂಡು ಮತ್ತು ಕೆಳಗಿನ ಗುಂಡು ಒಂದೇ ಬಂಡೆಯ ತುಂಡುಗಳಾದ್ದರಿಂದ ಅವುಗಳ ಬಣ್ಣವೂ ಒಂದೇ, ಕಣವೂ ಒಂದೇ. ಬಣ್ಣದ ವ್ಯತ್ಯಾಸ ಅವನ್ನು ಬೇರ್ಪಡಿಸುವುದಿಲ್ಲ, ನೆರಳೊಂದೇ ಬೇರ್ಪಡಿಸಬೇಕು.

ಎರಡನೆಯದು ಹಿರೇಬೆಣಕಲ್ಲಿನ ಶಿಲಾಗೋರಿಗಳು. ಕೊಪ್ಪಳ ಜಿಲ್ಲೆಯ ಈ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನರು ಕಟ್ಟಿದ ಸುಮಾರು 400 ರಚನೆಗಳಿವೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ಹೇಳಲಾಗುವ ಇವು 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಸುತ್ತಲಿನ ಊರಿನವರು ಇವನ್ನು ಮೋರೇರ ಮನೆಗಳು ಎನ್ನುತ್ತಾರೆ. ನಿಂತ ಚಪ್ಪಡಿಗಳ ಮೇಲೆ ಮಲಗಿಸಿದ ಒಂದು ಚಪ್ಪಡಿ, ಕೆಲವು ಗೋರಿಗಳ ಗೋಡೆಯಲ್ಲಿ ಕೊರೆದ ಒಂದು ದುಂಡುಕಿಂಡಿ: ಇಷ್ಟೇ ರಚನೆ. ಇಲ್ಲಿ ಸಂದು ಬಿಂದುವಾಗಿರದೆ ಉದ್ದನೆಯ ಗೆರೆಯಾಗಿರುತ್ತದೆ, ಮತ್ತು ಒಳಗಿನ ಕತ್ತಲೂ ಚಿತ್ರದ ಒಂದು ಭಾಗವಾಗುತ್ತದೆ.

ಮೂರನೆಯದು ಹರಕೆಯ ಕಲ್ಲುಗಳು. ಮನೆ ಕಟ್ಟುವ ಆಸೆ ಕೈಗೂಡಲೆಂದು ಭಕ್ತರು ಬೆಟ್ಟದ ದಾರಿಯ ಪಕ್ಕದಲ್ಲಿ ಮೂರೋ ಐದೋ ಕಲ್ಲುಗಳನ್ನು ಪೇರಿಸಿ ಹೋಗುವುದು ತಿರುಮಲದ ಮೆಟ್ಟಿಲ ದಾರಿಯಲ್ಲಿ ಕಾಣುವಂತೆ ನಮ್ಮ ಹಲವು ಗುಡ್ಡಗಳಲ್ಲಿಯೂ ಕಾಣುತ್ತದೆ. ಗೇಣುದ್ದದ ಈ ಅಡಕಲುಗಳಿಗೆ ತೂಕವಿಲ್ಲ, ಆದರೆ ಯಾರದೋ ಬಾಡಿಗೆ ಮನೆಯ ಬೇಸರ ಅವುಗಳಲ್ಲಿದೆ. ಚಿತ್ರಕ್ಕೆ ಚೆಂದ ಕಾಣಲೆಂದು ಅವುಗಳ ಒಂದು ಕಲ್ಲನ್ನೂ ಸರಿಸಬಾರದು.

ಎರಡನೆಯ ಹೆಜ್ಜೆ: ಮಧ್ಯಾಹ್ನ ಹೋಗಿ ದಿಕ್ಕು ಗುರುತು ಹಾಕಿಕೊಳ್ಳುವುದು

ಚಿತ್ರ ತೆಗೆಯಲು ಅತ್ಯಂತ ಕೆಟ್ಟ ಹೊತ್ತು ಯಾವುದೋ ಅದೇ ಸ್ಥಳ ಪರಿಶೀಲನೆಗೆ ಒಳ್ಳೆಯ ಹೊತ್ತು. ಊಟದ ನಂತರ ಕ್ಯಾಮೆರಾ ಇಲ್ಲದೆ, ಫೋನಿನ ದಿಕ್ಸೂಚಿ ಮತ್ತು ಒಂದು ಸಣ್ಣ ಪುಸ್ತಕದೊಂದಿಗೆ ಹೋಗಿ, ಆಯ್ದ ಅಡಕಲಿನ ಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಯಾವ ಕಡೆಯಿಂದ ಸಂದು ಅಗಲವಾಗಿ ಕಾಣುತ್ತದೆ, ಯಾವ ಕಡೆಯಿಂದ ಅದರ ಮೂಲಕ ಆಚೆಯ ಆಕಾಶ ಇಣುಕುತ್ತದೆ, ಯಾವ ಕಡೆಯಿಂದ ಎರಡು ಕಲ್ಲುಗಳು ಒಂದೇ ಮುದ್ದೆಯಾಗಿ ಬೆರೆತುಹೋಗುತ್ತವೆ ಎಂದು ಬರೆದುಕೊಳ್ಳಿ. ಬಳಿಕ, ಸಂದು ಚೆನ್ನಾಗಿ ಕಾಣುವ ಜಾಗದಲ್ಲಿ ನಿಂತು ನೀವು ಯಾವ ದಿಕ್ಕಿಗೆ ಮುಖ ಮಾಡಿದ್ದೀರಿ ಎಂಬುದನ್ನು ದಾಖಲಿಸಿ.

ಈ ದಿಕ್ಕು ಏಕೆ ಮುಖ್ಯವೆಂದರೆ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬ ಶಾಲೆಯ ಪಾಠ ಛಾಯಾಗ್ರಾಹಕನಿಗೆ ಸಾಲದು. ಹಂಪಿಯ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನ್ ಕೊನೆಯಲ್ಲಿ ಅಷ್ಟೇ ಡಿಗ್ರಿ ಉತ್ತರಕ್ಕೆ. ಎರಡರ ನಡುವೆ 48 ಡಿಗ್ರಿಯ ಅಂತರವಿದೆ. ಚಳಿಗಾಲದಲ್ಲಿ ಒಂದು ಬಂಡೆಯ ಪಕ್ಕೆಯನ್ನು ಸವರಿಕೊಂಡು ಹೋಗುವ ಎಳೆಬಿಸಿಲು ಮುಂಗಾರಿನ ಹೊತ್ತಿಗೆ ಅದೇ ಬಂಡೆಯ ಮುಖಕ್ಕೇ ಹೊಡೆದು ನೆರಳನ್ನೆಲ್ಲ ಅಳಿಸಿಬಿಡಬಹುದು. ಮೇ ತಿಂಗಳ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಂತೂ ನಡುಹಗಲಿನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಕಲ್ಲಿನ ನೆರಳು ಕಲ್ಲಿನ ಬುಡದಲ್ಲೇ ಅಡಗಿರುತ್ತದೆ.

ಮೂರನೆಯ ಹೆಜ್ಜೆ: ಕಾಲ ಮತ್ತು ಹೊತ್ತು

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿ ಎಲ್ಲ ರೀತಿಯಲ್ಲೂ ಅನುಕೂಲ. ಮಳೆ ಧೂಳನ್ನು ತೊಳೆದಿರುತ್ತದೆ, ಭತ್ತದ ಗದ್ದೆಗಳೂ ಬಾಳೆತೋಟಗಳೂ ಬಂಡೆಗಳ ಹಿಂದೆ ಹಸಿರು ಹಾಸುತ್ತವೆ. ಡಿಸೆಂಬರಿನಲ್ಲಿ ಸೂರ್ಯೋದಯ ಸುಮಾರು 6 ಗಂಟೆ 45 ನಿಮಿಷಕ್ಕೆ. ಸೂರ್ಯ ಹತ್ತು ಡಿಗ್ರಿ ಎತ್ತರದಲ್ಲಿದ್ದಾಗ ವಸ್ತುವಿನ ನೆರಳು ಅದರ ಎತ್ತರದ ಐದೂವರೆ ಪಟ್ಟಿಗಿಂತ ತುಸು ಹೆಚ್ಚು ಉದ್ದವಿರುತ್ತದೆ, ಮೂವತ್ತು ಡಿಗ್ರಿಗೆ ಅದು ಎರಡು ಪಟ್ಟಿಗಿಂತ ಕಡಿಮೆಯಾಗುತ್ತದೆ, ನಲವತ್ತೈದಕ್ಕೆ ಸಮವಾಗುತ್ತದೆ. ನಮ್ಮ ಸೀಮೆಯಲ್ಲಿ ಸೂರ್ಯ ಗಂಟೆಗೆ ಹದಿಮೂರು ಡಿಗ್ರಿಯ ಆಸುಪಾಸಿನಲ್ಲಿ ಏರುವುದರಿಂದ, ನಿಮ್ಮ ಕೈಯಲ್ಲಿರುವುದು ಹೆಚ್ಚೆಂದರೆ ಎರಡು ಗಂಟೆ, ಅದರಲ್ಲಿ ನಿಜಕ್ಕೂ ಬೆಲೆಬಾಳುವುದು ಮೊದಲ ಒಂದು ಗಂಟೆ. ಗುಡ್ಡದ ಮರೆಯಿರುವ ಕಡೆ ಬಿಸಿಲು ತಡವಾಗಿ ಮುಟ್ಟುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಳೆಗಾಲವನ್ನು ತಳ್ಳಿಹಾಕಬೇಕಾಗಿಲ್ಲ. ಒಂದು ಹದ ಮಳೆ ಬಂದು ನಿಂತ ಹತ್ತು ನಿಮಿಷಗಳಲ್ಲಿ ನೆನೆದ ಕಣಶಿಲೆ ಕಪ್ಪಾಗಿರುತ್ತದೆ, ಆದರೆ ಮೇಲಿನ ಗುಂಡಿನ ಆಸರೆಯಲ್ಲಿ ನೆನೆಯದೆ ಉಳಿದ ಪಟ್ಟಿ ಮಾತ್ರ ತಿಳಿಯಾಗಿ ಬೆಳಗುತ್ತದೆ. ಬಿಸಿಲಿಲ್ಲದ ದಿನವೂ ಸಂದನ್ನು ಗೆರೆ ಎಳೆದಂತೆ ತೋರಿಸುವ ಆ ಒಣಪಟ್ಟಿಗಾಗಿ ನಾನು ಕೊಡೆ ಹಿಡಿದು ಕಾದದ್ದುಂಟು. ನೆನೆದ ಹಾಸುಬಂಡೆ ಮಾತ್ರ ಎಣ್ಣೆ ಬಳಿದಂತೆ ಜಾರುತ್ತದೆ, ಜೋಕೆ.

ಇನ್ನೊಂದು ಎಚ್ಚರಿಕೆಯ ಮಾತು. ಹಂಪಿಯ ಹತ್ತಿರವೇ ದರೋಜಿ ಕರಡಿಧಾಮವಿದೆ, ಮತ್ತು ಕರಡಿ ಚಿರತೆಗಳು ಧಾಮದ ಎಲ್ಲೆಯನ್ನು ಓದಿಕೊಂಡು ಓಡಾಡುವುದಿಲ್ಲ. ಬಂಡೆಗಳ ನಡುವಿನ ಗವಿಗಳು ಅವುಗಳ ಮನೆ. ನಸುಕಿನಲ್ಲಿ, ವಿಶೇಷವಾಗಿ ಹಿರೇಬೆಣಕಲ್ಲಿನ ಗುಡ್ಡಕ್ಕೆ, ಒಬ್ಬರೇ ಏರಬೇಡಿ. ದಾರಿ ಬಲ್ಲ ಊರಿನವರೊಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ, ನೀರನ್ನೂ ಕೆಳಗಿನಿಂದಲೇ ಒಯ್ಯಿರಿ.

ನಾಲ್ಕನೆಯ ಹೆಜ್ಜೆ: ಎಲ್ಲಿ ನಿಲ್ಲಬೇಕು

ಮಾರ್ಗದರ್ಶಿಗಳಲ್ಲಿ ಹೆಚ್ಚು ಜಾಗ ಪಡೆಯುವುದು ಕ್ಯಾಮೆರಾದ ಗುಂಡಿಗಳು. ಆದರೆ ಅಡಕಲಿನ ಚಿತ್ರ ಕೆಡುವುದು ಬಹುಮಟ್ಟಿಗೆ ಕಾಲುಗಳ ತಪ್ಪಿನಿಂದ. ಹತ್ತಿರ ಹೋಗಿ, ಅಗಲ ಮಸೂರ ಹಾಕಿ, ತಲೆ ಎತ್ತಿ ತೆಗೆಯುವುದು ಎಲ್ಲರ ಮೊದಲ ಉತ್ಸಾಹ. ನಾಲ್ಕು ಮೀಟರ್ ಎತ್ತರದ ಅಡಕಲನ್ನು ಮೂರು ಮೀಟರ್ ದೂರದಿಂದ ನೋಡಿದರೆ ಮೇಲಿನ ಕಲ್ಲು ಕೆಳಗಿನದಕ್ಕಿಂತ ನಿಮ್ಮಿಂದ ಹೆಚ್ಚು ದೂರದಲ್ಲಿರುತ್ತದೆ, ಆದ್ದರಿಂದ ಚಿತ್ರದಲ್ಲಿ ಅದು ಕಿರಿದಾಗಿ, ಹಗುರವಾಗಿ ಕಾಣುತ್ತದೆ. ಮೇಲಿರುವುದು ಹಗುರವಾದರೆ ಬೀಳುವ ಭಯವೆಲ್ಲಿ? ನಾಲ್ಕು ಪಟ್ಟು ಹಿಂದೆ, ಅಂದರೆ ಹನ್ನೆರಡು ಮೀಟರ್ ದೂರಕ್ಕೆ ಸರಿದು, 24 ಮಿ.ಮೀ.ನ ಅಗಲ ಮಸೂರದ ಬದಲು 100 ಮಿ.ಮೀ. ಆಸುಪಾಸಿನ ಮಸೂರ ಬಳಸಿದರೆ ಅಡಕಲು ಚೌಕಟ್ಟಿನಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ದೊಡ್ಡದಾಗಿರುತ್ತದೆ. ಮೇಲಿನ ಕಲ್ಲಿಗೆ ಅದರ ನಿಜವಾದ ಗಾತ್ರ ಮರಳುತ್ತದೆ. ಹಿಂದಿನ ದೂರದ ಗುಡ್ಡ ಮಾತ್ರ ನಾಲ್ಕು ಪಟ್ಟು ದೊಡ್ಡದಾಗಿ ಹತ್ತಿರ ಬಂದು ನಿಲ್ಲುತ್ತದೆ. ಎದುರಿನ ಇನ್ನೊಂದು ಬಂಡೆ ಹತ್ತಿ ಸಂದಿನ ಮಟ್ಟಕ್ಕೆ ಕಣ್ಣು ತರಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಹರಕೆಯ ಕಲ್ಲುಗಳಿಗೆ ಇದರ ತಿರುವುಮುರುವು ಅನ್ವಯ. ಅಲ್ಲಿ ನೆಲಕ್ಕೆ ಹೊಟ್ಟೆ ಆನಿಸಿ ಮಲಗಿ, ಅಗಲ ಮಸೂರದಿಂದ, ಗೇಣುದ್ದದ ಕಲ್ಲಿನ ಹಿಂದೆ ಇಡೀ ಕಣಿವೆ ತೆರೆದುಕೊಳ್ಳುವಂತೆ ತೆಗೆಯುವುದು ಸರಿ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 24 ಮಿ.ಮೀ. ಮಸೂರದ ಬೆಳಕಿನ ಕಿಂಡಿಯನ್ನು (ಅಪರ್ಚರ್) ಎಫ್/11ಕ್ಕೆ ಇಟ್ಟು 1.75 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 90 ಸೆಂ.ಮೀ.ನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಅದಕ್ಕಿಂತ ಹತ್ತಿರ ಹೋಗುವುದಾದರೆ ಕಲ್ಲಿಗೊಂದು, ಕಣಿವೆಗೊಂದು ಎಂದು ಎರಡು ಚಿತ್ರ ತೆಗೆದು ಮನೆಯಲ್ಲಿ ಬೆಸೆಯಬೇಕಾಗುತ್ತದೆ.

ಹಿನ್ನೆಲೆಯ ವಿಷಯದಲ್ಲಿ ಒಂದೇ ನಿಯಮ: ಕಲ್ಲಿನ ಹಿಂದೆ ಕಲ್ಲು ಬರಬಾರದು. ಸಂದಿನ ಎರಡೂ ತುದಿಗಳು ಆಕಾಶಕ್ಕೋ ನೆರಳಿನ ಕಣಿವೆಗೋ ಹಸಿರಿಗೋ ತೆರೆದುಕೊಳ್ಳುವವರೆಗೆ ಎಡಕ್ಕೆ ಬಲಕ್ಕೆ ಒಂದೊಂದೇ ಹೆಜ್ಜೆ ಸರಿಯಿರಿ.

ಕ್ಯಾಮೆರಾದ ಮಟ್ಟವನ್ನು ಕಾಯ್ದುಕೊಳ್ಳುವುದು ನಾನು ತಡವಾಗಿ ಕಲಿತ ಪಾಠ. ಹಂಪಿಯ ಹೇಮಕೂಟ ಗುಡ್ಡದ ಇಳಿಜಾರಿನಲ್ಲಿ ಒಂದು ಇಡೀ ಬೆಳಗು ತೆಗೆದ ಚಿತ್ರಗಳನ್ನು ಮನೆಗೆ ಬಂದು ನೋಡಿದಾಗ, ಒಂದು ಕಡೆಗೆ ವಾಲಿ ನಿಂತಿದ್ದ ಗುಂಡು ಎಲ್ಲದರಲ್ಲಿಯೂ ಸಮವಾಗಿ, ಸಾಧುವಾಗಿ ಕುಳಿತಿತ್ತು. ಕಾಲಡಿಯ ಹಾಸುಬಂಡೆಯ ಇಳಿಜಾರನ್ನೇ ನೆಲದ ಮಟ್ಟವೆಂದು ನಂಬಿ ನಾನು ಕ್ಯಾಮೆರಾವನ್ನು ಮೂರೋ ನಾಲ್ಕೋ ಡಿಗ್ರಿ ಓರೆಯಾಗಿ ಹಿಡಿದಿದ್ದೆ. ಬೇರೆ ದೃಶ್ಯದಲ್ಲಿ ಗಮನಕ್ಕೇ ಬಾರದ ಈ ಓರೆ ಇಲ್ಲಿ ಚಿತ್ರದ ಜೀವವನ್ನೇ ತೆಗೆಯುತ್ತದೆ, ಏಕೆಂದರೆ ವಾಲುವುದು ಎಂಬುದಕ್ಕೆ ಅರ್ಥ ಬರುವುದೇ ನೆಟ್ಟಗಿನ ಗೆರೆಯ ಎದುರು. ಕ್ಯಾಮೆರಾ ಮತ್ತು ಫೋನು ಎರಡರಲ್ಲಿಯೂ ಇರುವ ಮಟ್ಟಸೂಚಕವನ್ನು ಹಚ್ಚಿಟ್ಟುಕೊಳ್ಳಿ. ಗುಡ್ಡದಲ್ಲಿ ಕಣ್ಣನ್ನು ನಂಬಬೇಡಿ.

ಐದನೆಯ ಹೆಜ್ಜೆ: ಬೆಳಕನ್ನು ಸಂದಿಗೆ ತರುವುದು

ಸೂರ್ಯ ನಿಮ್ಮ ಬೆನ್ನಿನ ಹಿಂದಿದ್ದರೆ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಬೀಳುತ್ತದೆ, ಚಿತ್ರ ಚಪ್ಪಟೆಯಾಗುತ್ತದೆ. ಸೂರ್ಯನನ್ನು ನಿಮ್ಮ ಎಡಗೈಗೋ ಬಲಗೈಗೋ ಇಟ್ಟುಕೊಂಡು ನಿಂತರೆ ಗುಂಡಿನ ಅರ್ಧ ಬೆಳಗಿ ಅರ್ಧ ಮಬ್ಬಾಗಿ ಅದರ ದುಂಡುತನ ಎದ್ದು ಬರುತ್ತದೆ, ಕಣಶಿಲೆಯ ಒರಟುತನ ಬೆರಳಿಗೆ ತಾಗುವಂತಾಗುತ್ತದೆ, ಮತ್ತು ಮೇಲಿನ ಕಲ್ಲಿನ ನೆರಳು ಕೆಳಗಿನ ಕಲ್ಲಿನ ಮೇಲೆ ಓರೆಯಾಗಿ ಬಿದ್ದು ನಡುವಿನ ಅಂತರವನ್ನು ಅಳೆದು ತೋರಿಸುತ್ತದೆ. ಪಕ್ಕದಿಂದ ತುಸು ಹಿಂದಕ್ಕೆ ಸರಿದ ಬೆಳಕು ನನಗೆ ಇನ್ನೂ ಹೆಚ್ಚು ಮೆಚ್ಚು: ಅಂಚುಗಳಿಗೆ ಬೆಳ್ಳಿಯ ಗೆರೆ ಬರುತ್ತದೆ.

ಎದುರುಬಿಸಿಲಿನಲ್ಲಿ ತೆಗೆಯುವುದಾದರೆ ಅರೆಮನಸ್ಸು ಬೇಡ. ಕಲ್ಲುಗಳನ್ನು ಪೂರ್ತಿ ಕಪ್ಪು ಆಕೃತಿಯಾಗಿಸಿ, ಸಂದಿನಿಂದ ಸೂರ್ಯ ಇಣುಕುವ ಕ್ಷಣಕ್ಕೆ ಕಾದು, ಎಫ್/16ರಲ್ಲಿ ತೆಗೆದರೆ ಬೆಳಕು ನಕ್ಷತ್ರವಾಗಿ ಒಡೆಯುತ್ತದೆ. ಒಂದು ಬಾರಿ ತೆಗೆಯಬೇಕಾದ ಚಿತ್ರ ಇದು. ಪದೇ ಪದೇ ತೆಗೆದರೆ ಕ್ಯಾಲೆಂಡರ್ ಆಗುತ್ತದೆ. ಮಸೂರದ ಮೂಲಕ ನೇರವಾಗಿ ಸೂರ್ಯನನ್ನು ನೋಡದೆ ಪರದೆಯಲ್ಲಿಯೇ ನೋಡಿ.

ಹಿರೇಬೆಣಕಲ್ಲಿನ ಗೋರಿಗಳಿಗೆ ಎರಡು ಬೆಳಕು ಬೇಕು: ಹೊರಗಿನ ಚಪ್ಪಡಿಗಳಿಗೆ ಪಕ್ಕದ ಬಿಸಿಲು, ಒಳಗಿನ ಕತ್ತಲಿಗೆ ನೆಲದಿಂದ ಪುಟಿದ ಮಂದ ಬೆಳಕು. ಒಳಗೆ ಫ್ಲಾಶ್ ಹೊಡೆದರೆ ಎರಡು ಸಾವಿರ ವರ್ಷಗಳ ಕತ್ತಲೆ ಒಂದೇ ಏಟಿಗೆ ಗೋದಾಮಿನಂತಾಗುತ್ತದೆ. ಒಂದು ಬಿಳಿ ಟವೆಲ್ಲನ್ನೋ ಪಂಚೆಯನ್ನೋ ಹೊರಗೆ ಬಿಸಿಲಿನಲ್ಲಿ ಇಬ್ಬರು ಹಿಡಿದು ನಿಂತರೆ ಸಾಕು, ಹಿಂಬದಿಯ ಚಪ್ಪಡಿಯ ಮೇಲ್ಮೈ ಮೆಲ್ಲಗೆ ಕಾಣತೊಡಗುತ್ತದೆ. ಒಳಗೆ ನುಗ್ಗುವುದಾಗಲಿ ಚಪ್ಪಡಿಯ ಮೇಲೆ ಹತ್ತುವುದಾಗಲಿ ಕೂಡದು.

ಆರನೆಯ ಹೆಜ್ಜೆ: ಕ್ಯಾಮೆರಾದ ಹೊಂದಿಕೆ

ಇದನ್ನು ಬೇಗ ಮುಗಿಸಬಹುದು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ ತೆಗೆಯಿರಿ. ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್ಒ 100, ಕಿಂಡಿ ಎಫ್/8ರಿಂದ ಎಫ್/11. ಬಿಳಿ ಸಮತೋಲನವನ್ನು (ವೈಟ್ ಬ್ಯಾಲೆನ್ಸ್) ತಾನೇತಾನಾಗಿ ಆಗಲು ಬಿಡದೆ ಬಿಸಿಲಿನ ಗುರುತಿಗೆ ನಿಲ್ಲಿಸಿ. ಇಲ್ಲವಾದರೆ ಕ್ಯಾಮೆರಾ ಎಳೆಬಿಸಿಲಿನ ಹೊಂಬಣ್ಣವನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಬೆಳಕಿನ ಅಳತೆಯನ್ನು ಕಲ್ಲಿನ ಬಿಸಿಲು ಬಿದ್ದ ಮುಖದ ಮೇಲೆ ಮಾಡಿ, ಅದು ಬಿಳಿಚಿಕೊಳ್ಳದಂತೆ ನೋಡಿಕೊಳ್ಳಿ. ಸಂದಿನ ನಡುವಣ ಭಾಗ ಕಪ್ಪಾದರೆ ಚಿಂತೆಯಿಲ್ಲ, ಅದರ ಅಂಚುಗಳಲ್ಲಿ ಮಾತ್ರ ಕಲ್ಲಿನ ವಿವರ ಉಳಿಯಬೇಕು. ಅನುಮಾನವಿದ್ದರೆ ಸರಿಯೆನಿಸಿದ್ದೊಂದು, ಒಂದು ಸ್ಟಾಪ್ (ಎರಡು ಪಟ್ಟು ಬೆಳಕು) ಹೆಚ್ಚು, ಒಂದು ಸ್ಟಾಪ್ (ಅರ್ಧ ಬೆಳಕು) ಕಡಿಮೆ ಎಂದು ಮೂರು ಚಿತ್ರ ತೆಗೆಯಿರಿ.

ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಊರಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಡ್ರೋನ್ ಹಾರಿಸಲೂ ಅಷ್ಟೇ. ಅನುಮತಿ ಇಲ್ಲದವರು ಅಕ್ಕಿಯನ್ನೋ ಕಡಲೆಯನ್ನೋ ಅರ್ಧ ತುಂಬಿದ ಒಂದು ಬಟ್ಟೆ ಚೀಲವನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಬಹುದು. ಕೈಯಲ್ಲೇ ಹಿಡಿಯುವುದಾದರೆ ಐಎಸ್ಒ 400ಕ್ಕೆ ಏರಿಸಿ, ಶಟರ್ ಸೆಕೆಂಡಿನ 125ನೆಯ ಒಂದು ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊಳ್ಳಿ.

ಫೋನಿನಲ್ಲಿ ತೆಗೆಯುವವರು ಮೂರು ಸಂಗತಿ ನೆನಪಿಡಬೇಕು. ಅತಿ ಅಗಲದ ಮಸೂರವನ್ನು ಬಿಟ್ಟು ಎರಡು ಅಥವಾ ಮೂರು ಪಟ್ಟಿನ ಮಸೂರದಿಂದ ದೂರ ನಿಂತು ತೆಗೆಯಿರಿ. ಹಿನ್ನೆಲೆ ಮಸುಕುಗೊಳಿಸುವ ಪೋರ್ಟ್ರೇಟ್ ವಿಧಾನ ಬೇಡ. ಸಂದಿನಲ್ಲಿ ಕಾಣುವ ಆಕಾಶ ಕಲ್ಲಿಗೆ ಸೇರಿದ್ದೋ ಹಿನ್ನೆಲೆಗೆ ಸೇರಿದ್ದೋ ಅದಕ್ಕೆ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವಿದ್ದರೆ ಎಚ್‌ಡಿಆರ್ ಎಂಬ ಸೌಲಭ್ಯವನ್ನು ನಿಲ್ಲಿಸಿಬಿಡಿ, ಇಲ್ಲವೇ ಪರದೆಯನ್ನು ಒತ್ತಿಹಿಡಿದು ಬೆಳಕನ್ನು ತುಸು ಇಳಿಸಿ. ನೆರಳುಗಳನ್ನೆಲ್ಲ ಹುಡುಕಿ ಬೆಳಗಿಸುವುದು ಆ ಸೌಲಭ್ಯದ ಕೆಲಸ. ನಮಗೆ ಬೇಕಾದದ್ದು ಆ ನೆರಳೇ.

ಏಳನೆಯ ಹೆಜ್ಜೆ: ಅಳತೆಗೋಲು

ಬಂಡೆಯ ಗಾತ್ರ ತಿಳಿಯಲು ಪರಿಚಿತವಾದ ಏನಾದರೂ ಚೌಕಟ್ಟಿನಲ್ಲಿರಬೇಕು. ಗೆಳೆಯರನ್ನು ಬಂಡೆಯ ಕೆಳಗೆ ನಿಲ್ಲಿಸಿ ಅದನ್ನು ಕೈಯಲ್ಲಿ ಎತ್ತಿದಂತೆ ನಟಿಸಲು ಹೇಳುವುದು ಒಂದು ವಿಧಾನ. ದಯವಿಟ್ಟು ಅದನ್ನು ಬಿಡಿ. ಮೇಯುತ್ತಿರುವ ಆಡು, ಬಂಡೆಯ ಬಿರುಕಿನಲ್ಲಿ ಬೇರೂರಿದ ಅತ್ತಿಗಿಡ, ಕುರಿ ಕಾಯುವವರ ಕಂಬಳಿಯ ಆಕೃತಿ, ಇವು ತಾವಾಗಿಯೇ ಬಂದಾಗ ಚಿತ್ರಕ್ಕೆ ಒಪ್ಪುತ್ತವೆ. ಮನುಷ್ಯರಾದರೆ ಮೊದಲು ಮಾತನಾಡಿಸಿ, ಒಪ್ಪಿಗೆ ಕೇಳಿ, ಆಮೇಲೆ ತೆಗೆಯಿರಿ. ಅಳತೆಗೋಲು ಕಲ್ಲಿನಷ್ಟೇ ದೂರದಲ್ಲಿರಲಿ. ಮುಂದಿದ್ದರೆ ಕಲ್ಲು ಕಿರಿದಾಗುತ್ತದೆ.

ಎಂಟನೆಯ ಹೆಜ್ಜೆ: ಮುಟ್ಟಬಾರದ್ದು

ಬ್ರಿಟನ್ನಿನ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಕಲ್ಲುಗಳನ್ನು ಮೊಟ್ಟೆಯ ಆಕಾರದಲ್ಲಿ ಪೇರಿಸಿ ಅವುಗಳ ಚಿತ್ರ ತೆಗೆಯುವುದಕ್ಕೆ ಹೆಸರಾದವರು. ಅಂಥ ಚಿತ್ರಗಳನ್ನು ನೋಡಿ ಹಂಪಿಯ ಗುಡ್ಡದಲ್ಲಿ ತಾವೂ ಪೇರಿಸಲು ಹೊರಡುವವರಿದ್ದಾರೆ. ಇದು ಆ ಕೆಲಸಕ್ಕೆ ತಕ್ಕ ನೆಲವಲ್ಲ. ಇಲ್ಲಿ ಕಾಲಿಗೆ ಸಿಗುವ ಒಡಕು ಕಲ್ಲೂ ಹಳೆಯ ಕಟ್ಟಡದ ತುಣುಕಾಗಿರಬಹುದು, ಅದರ ಅಡಿಯಲ್ಲಿ ಚೇಳಿನ ಸಂಸಾರವೂ ಇರಬಹುದು. 2019ರಲ್ಲಿ ಹಂಪಿಯ ಸ್ಮಾರಕವೊಂದರ ಕಲ್ಲುಕಂಬ ಉರುಳಿಸಿದ ಯುವಕರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಪೇರಿಸಿಯೇ ತೆಗೆಯಬೇಕೆಂಬ ಆಸೆಯಿದ್ದರೆ ನಿಮ್ಮದೇ ಹೊಲದ ಬದುವಿನಲ್ಲಿ ಪೇರಿಸಿ.

ಕೊನೆಯ ಹೆಜ್ಜೆ: ಮನೆಯಲ್ಲಿ

ತೆಗೆದ ದಿನವೇ ಆರಿಸಲು ಕೂರಬೇಡಿ. ಏರಿದ ಆಯಾಸ ಎಲ್ಲ ಚಿತ್ರಗಳನ್ನೂ ಚೆನ್ನಾಗಿ ತೋರಿಸುತ್ತದೆ. ಆರಿಸಿದ ಚಿತ್ರದಲ್ಲಿ ಮೊದಲು ಮಟ್ಟವನ್ನು ಪರೀಕ್ಷಿಸಿ, ಆಮೇಲೆ ಬೆಳಕಿಗೆ ಕೈ ಹಾಕಿ. ಇಲ್ಲಿನ ಕಣಶಿಲೆಯಲ್ಲಿ ನಸುಗೆಂಪು ಬೆರೆತಿರುವುದರಿಂದ, ಕಪ್ಪು-ಬಿಳುಪಿಗೆ ಬದಲಾಯಿಸುವಾಗ ಕೆಂಪು ಮತ್ತು ಕಿತ್ತಳೆಯನ್ನು ತುಸು ಏರಿಸಿ ನೀಲಿಯನ್ನು ಇಳಿಸಿದರೆ ಕಲ್ಲು ಬೆಳಗಿ ಆಕಾಶ ಕಪ್ಪಾಗುತ್ತದೆ. ಕಲ್ಲುಹೂವಿನ ಮಚ್ಚೆಗಳು, ನೀರು ಹರಿದ ಕರಿಯ ಪಟ್ಟೆಗಳು ಇರಲಿ, ಅಳಿಸಬೇಡಿ. ಮಬ್ಬು ತೆಗೆಯುವ ಮತ್ತು ವಿವರ ಹೆಚ್ಚಿಸುವ ಪಟ್ಟಿಗಳನ್ನು (ಸ್ಲೈಡರ್) ಪೂರ್ತಿ ಎಳೆದರೆ ಕಣಶಿಲೆ ಸಿಮೆಂಟಾಗುತ್ತದೆ.

ಕಡೆಗೆ ಒಂದು ಪರೀಕ್ಷೆ. ಚಿತ್ರವನ್ನು ಪರದೆಯ ಮೇಲೆ ಅಂಗೈಯಗಲಕ್ಕೆ ಇಟ್ಟುಕೊಂಡು, ಸಂದಿನ ಮೇಲೆ ಹೆಬ್ಬೆರಳನ್ನು ಮುಚ್ಚಿ ನೋಡಿ. ಬೆರಳು ಮುಚ್ಚಿದಾಗಲೂ ಚಿತ್ರ ಮೊದಲಿನಂತೆಯೇ ಇದ್ದರೆ ನೀವು ಗುಡ್ಡದ ಚಿತ್ರ ತೆಗೆದಿದ್ದೀರಿ, ಅಡಕಲಿನದಲ್ಲ. ಮರುದಿನ ನಸುಕಿಗೆ ಅಲಾರಂ ಇಟ್ಟು ಮಲಗಿ.